ಡೈರಿ ಮುಂದಿನ ಮೇಜು

ಫೆಬ್ರವರಿ ೧೧, ಮಂಗಳವಾರ. ನಾಗಮಂಗಲ.

ಅಬ್ಬಾ, ಜವರಣ್ಣ ಒಪ್ಪಿದ.

ಮೈಸೂರಿನ ಸಂಶೋಧನಾ ಸಂಸ್ಥೆಯನ್ನೂ ತಾಲ್ಲೂಕು ಆರೋಗ್ಯ ಕಚೇರಿಯನ್ನೂ ಹೇಗೋ ಜೊತೆಗೂಡಿಸಿದ್ದೆ. ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ ಜವರಣ್ಣ ಮಾತ್ರ ಜಗ್ಗಿರಲಿಲ್ಲ. ಹಾಲು ಹಾಕಲು ಬಂದವರಿಗೆ ಅಲ್ಲೇ ಕ್ಷಯದ ಪರೀಕ್ಷೆ ಮಾಡಬೇಕೆಂಬುದು ನಮ್ಮ ಯೋಜನೆ. "ಆಮೇಲೆ ಇದ್ಯಾರ ಮನೆ ಆಲು ಅಂತ ಜನ ಕೇಳ್ತಾರೆ ಕಣಮ್ಮ. ನನ್ ಡೈರಿ ಮುಚ್ಚಿಸ್ಬುಡ್ತೀರ" ಅನ್ನುತ್ತಿದ್ದ.

ಒಂದು ದಿನ ನೋಡೋಣವೆಂದು ಇವತ್ತು ಮೇಜು ಹಾಕಿದೆವು. ಅದೂ ಹಾಲಿನ ಸಾಲಿನ ಪಕ್ಕಕ್ಕೇ! ಎಂಥ ಪೆದ್ದತನ. ಊರೆಲ್ಲ ನೋಡುವಾಗ ಅಲ್ಲಿ ಯಾರು ನಿಲ್ಲುತ್ತಾರೆ? ಹಾಲು ಹಾಕಿದವರೆಲ್ಲ ಮುಖ ತಿರುಗಿಸಿಕೊಂಡು ಹೋದರು. ಆರೋಗ್ಯ ಕಚೇರಿಯಿಂದ ಬಂದಿದ್ದ ಡಾಕ್ಟರು ಕೈಗಡಿಯಾರ ನೋಡಿಕೊಳ್ಳತೊಡಗಿದರು.

ಆಗ ಸಾಲಿನಲ್ಲಿದ್ದ ದ್ಯಾವಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. "ಲೇ ಜವರ, ಓದೊರ್ಸ ನಂಗೇ ಬಂದಿತ್ತು ಕಣ್ಲಾ ಆ ಕಾಯ್ಲೆ. ಮಾತ್ರೆ ನುಂಗಿ ವಾಸಿ ಮಾಡ್ಕೊಂಡೆ. ಈಗ ಯೇಳು, ನನ್ ಆಲು ಬ್ಯಾಡ್ವ ನಿಂಗೆ?"

ಚಿಕಿತ್ಸೆಯ ಪಟ್ಟಿ ನೋಡಿದ್ದ ನನಗದು ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವ ಹಕ್ಕು ಅವಳದೇ ತಾನೆ.

ಜವರಣ್ಣ ಅವಳ ಹಾಲು ಅಳೆದು, ಒಂದು ಚೊಂಬು ತೆಗೆದಿಟ್ಟು, ಉಳಿದದ್ದನ್ನು ಎಲ್ಲರ ಹಾಲಿನ ಜೊತೆಗೇ ಸುರಿದ. ಚೊಂಬಿನ ಹಾಲು ಕಾಯಿಸಿ ಎಲ್ಲರೆದುರೇ ಕಾಫಿ ಮಾಡಿ, ಮೊದಲು ತಾನು ಕುಡಿದ. ಆಮೇಲೆ ನಮಗೂ ಕೊಟ್ಟು, "ಸೋಮವಾರದಿಂದ ಸುರು ಮಾಡಿ. ಮೇಜು ಮಾತ್ರ ಇಂದ್ಗಡೆ ಇತ್ತಲಿಗಾಕ್ಕೊಳಿ" ಅಂದ.

ಗಾಬರಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದ. ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.