ಜೇಬಿನಲ್ಲಿದ್ದ ಎರಡು ಟೇಪಿನ ಉಂಡೆ

ತಮ್ಮಾ,

ನಟ್ಟು ಬೋಲ್ಟು ತರೋಕೆ ಹೋದವನು ಫೋನನ್ನ ಇಲ್ಲೇ ಬಿಟ್ಟು ಹೋಗಿದ್ದೀಯ. ಬಂದ ತಕ್ಷಣ ಏಣಿ ತಗೊಂಡು ಟೀಚರಮ್ಮನ ಮನೆಗೆ ಓಡಿ ಬಾ. ನಾನು ಆಂಬುಲೆನ್ಸಿಗೆ ಹೇಳಿ ಅಲ್ಲಿಗೇ ಹೊರಟಿದ್ದೀನಿ.

ಒಗೆಯೋಕೆ ಹಾಕುವಾಗ ನಿನ್ನ ಅಂಗಿ ಜೇಬು ನೋಡಿದೆ. ಮನೆ ಬೆಚ್ಚಗಿಡೋ ಗ್ಯಾಸ್ ಹೀಟರ್ ಕೂರಿಸುವಾಗ ಧೂಳು ಹೋಗಬಾರದು ಅಂತ ಹೊಗೆ ಪೈಪಿನ ಬಾಯಿಗೆ ಟೇಪ್ ಸುತ್ತಿ, ಕೆಲಸ ಮುಗಿದ ಮೇಲೆ ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕ್ಕೋಬೇಕು ಅಂತ ಅಪ್ಪ ಕಲಿಸಿದ್ದು. ನಿನ್ನೆ ಮೂರು ಮನೆ ಮುಗಿಸಿದೆ ಅಂತ ಬೀಗಿದೆಯಲ್ಲ, ಜೇಬಲ್ಲಿರೋದು ಎರಡೇ ಉಂಡೆ.

ಗ್ಯಾಸ್ ಉಳಿಸುತ್ತೆ ಅಂತ ಊರಿಗೆ ಊರೇ ಈ ಹೊಸ ಹೀಟರಿಗೆ ಮುಗಿಬಿದ್ದಿದೆ, ನಿಜ. ದಿನಕ್ಕೆ ಒಂದೇ ಮನೆ ಒಪ್ಪಿಕೋ ಅಂತ ಬಡ್ಕೊಂಡೆ. ಅಕ್ಕನ ಮಾತು ನಿನ್ನ ಕಿವಿಗೆ ಎಲ್ಲಿ ಬೀಳುತ್ತೆ!

ಆ ಮೂರರಲ್ಲಿ ಎರಡು ಮನೆಯವರು ಪೈಪು ನೋಡಿ, ತೆರೆದಿದೆ ಅಂದ್ರು. ಟೀಚರಮ್ಮ ಫೋನ್ ಎತ್ತುತ್ತಿಲ್ಲ. ಬಿಸಿ ಆಚೆ ಹೋಗದ ಹಾಗೆ ಅವರ ಕಿಟಕಿ ಸಂದಿಗೆಲ್ಲ ರಬ್ಬರ್ ಹೊಡೆದವನೂ ನೀನೇ; ಹೀಟರಿನ ವಿಷಗಾಳಿ ಆಚೆ ಹೋಗೋಕೆ ದಾರಿಯೇ ಇಲ್ಲ.

ಅವರ ನಂಬರಿಗೆ ಅಂತ ನಿನ್ನ ಫೋನ್ ತೆಗೆದೆ. ನಿನ್ನೆ ಸಂಜೆ ಅವರು ಕಳಿಸಿದ ಮೆಸೇಜು ನೀನಿನ್ನೂ ನೋಡೇ ಇಲ್ಲ: "ಮನೆ ಎಷ್ಟು ಬೆಚ್ಚಗಿದೆ! ಮಗು ಆಗಲೇ ಮಲಗಿಬಿಡ್ತು, ನನಗೂ ಕಣ್ಣು ಎಳೀತಿದೆ. ನಿನ್ನ ಕೈಗುಣ ಕಣಪ್ಪ."