ಅಕ್ಕ ಕೊಟ್ಟ ಮಂಡಿನೋವಿನ ಮಾತ್ರೆ

“ನೋವಿನ ಮಾತ್ರೆ ನಮ್ಮನೆಯವ್ಳೇ ಕೊಟ್ಟಿದ್ದು ಸಾರ್” ಅಂತ ಎಮರ್ಜೆನ್ಸಿ ಡಾಕ್ಟರ ಮುಂದೆ ಹೇಳಿಬಿಟ್ಟಿರಲ್ಲ ರೀ. ಕಲ್ಯಾಣದುರ್ಗದ ನಿಮ್ಮಕ್ಕ ಕೊಟ್ಟ ಮಾತ್ರೆಗೆ ಹಿಂದೂಪುರದಲ್ಲಿ ಬೈಸಿಕೊಂಡವಳು ನಾನು.

ನಾನು ಕೆಲಸಕ್ಕೆ ಹೊರಟೆ. ಇವತ್ತು ನಿಮ್ಮಕ್ಕ ಚೌಡಕ್ಕ ಬರುತ್ತಾರೆ. ನೀವು ಸೊಂಟನೋವು ಅಂದರೆ ಮತ್ತೆ ತಮ್ಮ ಮಂಡಿನೋವಿನ ಮಾತ್ರೆ ಬಿಚ್ಚುತ್ತಾರೆ. ನಿಮ್ಮ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಸೇರಿಯೇ ಹೊಟ್ಟೆಯೊಳಗೆ ರಕ್ತ ಸೋರಿತು ಅಂತ ಅವರಿಗೆ ನೀವೇ ಹೇಳಿ. ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತೀರಿ. ಹೌದು, ಹೊಟ್ಟೆಕಿಚ್ಚೇ. ನಾನು ಕೊಡುವ ಮಾತ್ರೆಗೆ ಮುಖ ತಿರುಗಿಸುತ್ತೀರಿ, ಅವರು ಕೊಟ್ಟರೆ ಏನೆಂದೂ ಕೇಳದೆ ನುಂಗುತ್ತೀರಿ.

ಮಲ ಮತ್ತೆ ಕಪ್ಪಗಾದರೆ ನನಗಾಗಿ ಕಾಯಬೇಡಿ, ಆಟೋ ಹಿಡಿದು ಆಸ್ಪತ್ರೆಗೆ ಹೋಗಿ. ಈ ಸಲ ನಿಜ ಹೇಳಿ.

ಈಗಷ್ಟೇ ಅವರ ಫೋನು. “ತಮ್ಮ ಹೆಂಗವ್ನೆ ಕಣಮ್ಮ? ಬಸ್ಸು ಹತ್ತಿದೆ, ಬತ್ತೀನಿ.”

“ಚೆನ್ನಾಗವ್ರೆ, ಬನ್ನಿ ಅತ್ತಿಗೆ” ಅಂದೆ.

ಫೋನಿಟ್ಟು ಕಡಲೆಕಾಯಿ ಚಟ್ನಿಗೆ ಇನ್ನೆರಡು ಮೆಣಸಿನಕಾಯಿ ಹಾಕಿ ಅರೆದೆ. ಅದು ಅವರಿಗೆ, ನಿಮಗೆ ಮೊಸರನ್ನ.

ನಾಗರತ್ನ