ಇವರಿಗೆಂದು ಒಯ್ದ ಸೌಟು

ಮಾಲ್ಟನ್, ಕೆನಡಾ
ಆಗಸ್ಟ್ 22, 1999

ಪ್ರೀತಿಯ ಅಕ್ಕನಿಗೆ ಶ್ರೀವಿದ್ಯಾಳ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವಳು ನಾನು, ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದ ಸೋಫಾದಲ್ಲೇ ಇರುತ್ತಾರೆ. ಭಾವನ ಮಂಡಿನೋವು ಹೇಗಿದೆ? ನಾವು ಚೆನ್ನಾಗಿದ್ದೇವೆ ಎಂದು ಬರೆದು ಎರಡು ಸಲ ಹರಿದು ಹಾಕಿದೆ. ಚೆನ್ನಾಗಿಲ್ಲ ಅಕ್ಕಾ. ನನ್ನ ಸಂಸಾರ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ.

ಇವರ ಆಫೀಸಿನ ಉಮಾಶಂಕರ್ ವಿಷಯ ಬರೆದಿದ್ದೆನಲ್ಲ. ಅವರ ಹೆಂಡತಿ ಮೀರಾ ಇಲ್ಲಿ ನನಗೆ ನಿನ್ನ ಜಾಗದಲ್ಲಿದ್ದವಳು. ನನಗೆ ಕಾರು ಓಡಿಸಲು ಕಲಿಸಿದ್ದೂ ಅವಳೇ. ಈ ಬೇಸಿಗೆಯಲ್ಲಿ ಅವರು ಹಳೆಯ ಬೋಟೊಂದನ್ನು ಕೊಂಡಿದ್ದಾರೆ. ಮೂರು ವಾರದ ಹಿಂದೆ, ಭಾನುವಾರ, ಮಗಳು ಸಾಹಿತ್ಯಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಪೋರ್ಟ್ ಕ್ರೆಡಿಟ್‌ಗೆ ಹೋಗಿ ಬೋಟು ಹತ್ತಿ, ನಾಲ್ವರೂ ಸರೋವರದ ನಡುವಿಗೆ ಹೋದೆವು. ಉಮಾಶಂಕರ್ ಎರಡು ವರ್ಷ ಜಪಾನಿನಲ್ಲಿದ್ದವರು. ಅಲ್ಲಿಯ ಊಟ ಮಾಡಿಸುತ್ತೇನೆಂದು ನಡುವೆ ಸಣ್ಣ ಗ್ಯಾಸ್ ಒಲೆ ಹಚ್ಚಿ ಮಣ್ಣಿನ ಪಾತ್ರೆ ಇಟ್ಟರು. ಅದರಲ್ಲಿ ಸಾರು ಕುದಿಯುತ್ತಿರುತ್ತದೆ. ಎಲೆಕೋಸು, ಅಣಬೆ, ತೋಫು ಎಂಬ ಸೋಯಾ ಪನೀರು ಅವರವರೇ ಹಾಕಿ ಬೇಯಿಸಿಕೊಂಡು, ಬಾಯಿಗಿಟ್ಟ ಊಟದ ಕಡ್ಡಿಯನ್ನೇ ಮತ್ತೆ ಅದ್ದಿ ತಿನ್ನಬೇಕು.

ಇವರ ಎಂಜಲಿನ ಗಲಾಟೆ ನಿನಗೆ ಗೊತ್ತೇ ಇದೆ. ನನ್ನ ಲೋಟದಲ್ಲಿ ಒಂದು ದಿನ ನೀರು ಕುಡಿದವರಲ್ಲ. ಅದಕ್ಕೇ ನಾನು ಮಹಾ ಬುದ್ಧಿವಂತೆ, ಮನೆಯಿಂದಲೇ ಬೇರೆ ಸೌಟು, ಸ್ಟೀಲ್ ತಟ್ಟೆ, ಪುಟ್ಟ ಪಾತ್ರೆ ಎಲ್ಲ ಹೊತ್ತುಕೊಂಡು ಹೋಗಿದ್ದೆ.

"ಏನ್ರೀ, ನಿಮ್ಮ ಯಜಮಾನ್ರಿಗೆ ಬೋಟಲ್ಲೂ ಮಡೀನಾ? ಸೆಪರೇಟ್ ಕಿಚನ್ನೇ ತಂದಿದೀರಲ್ಲ!" ಎಂದು ಉಮಾಶಂಕರ್ ನಕ್ಕರು. ನಾನೂ ನಕ್ಕೆ.

ಮೀರಾ ತೋಫುವನ್ನು ಅರ್ಧ ಕಚ್ಚಿ, "ಅಯ್ಯೋ, ಸಿಕ್ಕಾಪಟ್ಟೆ ಬಿಸಿ" ಎಂದು ತನ್ನ ಬಟ್ಟಲಿಗೆ ಹಾಕಿದಳು. ಇವರು ಆಫೀಸಿನ ವೈ-ಟು-ಕೆ ಕೆಲಸದ ಬಗ್ಗೆ ಮಾತಾಡುತ್ತಲೇ ಕೈಚಾಚಿ, ಆ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಯೋಚಿಸಲೂ ಇಲ್ಲ. ಅಭ್ಯಾಸವಾದ ಕೈ ಅದು. ಉಮಾಶಂಕರ್ ಒಲೆಯ ಉರಿ ತಗ್ಗಿಸಲು ಬಗ್ಗಿದ್ದರು, ನೋಡಲಿಲ್ಲ. ನಾನು ನೋಡಿಬಿಟ್ಟೆನೆಂಬುದನ್ನು ಮೀರಾ ಗಮನಿಸಿದಳು. ಅವಳ ಮುಖ ಬಿಳಿಚಿಕೊಂಡಿತು. ಇವರು ಮಾತ್ರ ಅಗಿಯುತ್ತಲೇ ಇದ್ದರು. ಎದ್ದು ಹೋಗೋಣವೆಂದರೆ ಸುತ್ತ ನೀರು. ಇನ್ನೂ ಒಂದು ಗಂಟೆ ಅಲ್ಲೇ ಕೂತು ಕೋಸು ಬೇಯಿಸಿದೆ.

ಮನೆಗೆ ಬಂದ ಮೇಲೆ ಕೇಳಿದೆ. "ಏನೋ ಮರ್ತು ತಿಂದೆ ಕಣೇ. ಅಷ್ಟಕ್ಕೇ ಸೀನ್ ಮಾಡ್ತೀಯಾ?" ಎಂದರು. ಮರುದಿನದಿಂದ ಮೀರಾ ನನ್ನ ಫೋನ್ ಎತ್ತುತ್ತಿಲ್ಲ. ಇನ್ನೇನು ಸಾಕ್ಷಿ ಬೇಕು ಹೇಳು? ಉಮಾಶಂಕರ್‌ಗೆ ಹೇಳಿದರೆ ಎರಡು ಮನೆ ಮುರಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಉಸಿರುಗಟ್ಟಿ ಸಾಯುತ್ತೇನೆ. "ಅಮ್ಮಾ, ವೈ ಆರಂಟ್ ಯು ಈಟಿಂಗ್?" ಎಂದು ಸಾಹಿತ್ಯ ದಿನಾ ಕೇಳುತ್ತಾಳೆ. ಅವಳನ್ನು ಕರೆದುಕೊಂಡು ಬಂದುಬಿಡಲೇ ಅಕ್ಕಾ? ನನ್ನ ಕೈಲಿ ಆಗುತ್ತಿಲ್ಲ. ಬಾ ಎಂದು ಒಂದೇ ಸಾಲು ಬರೆ, ಸಾಕು.

ಭಾವನಿಗೆ ಏನೂ ಹೇಳಬೇಡ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ದೇವರು ಅವರನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ತಂಗಿ,
ಶ್ರೀವಿದ್ಯಾ

ಮತ್ತೊಂದು ಮಾತು. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ಮದುವೆಯ ಊಟದಲ್ಲಿ ನಾನು ಕಚ್ಚಿದ ಚಿರೋಟಿಯನ್ನು ನೀನು ಬಲವಂತವಾಗಿ ಇವರ ಬಾಯಿಗೆ ಹಿಡಿದೆಯಲ್ಲ, ನೆನಪಿದೆಯಾ? ಮುಖ ತಿರುಗಿಸಿ "ನಂಗೆ ಎಂಜಲು ಆಗಲ್ಲ" ಎಂದರು. ಎಲ್ಲರೂ ನಕ್ಕರು. ಎಂಥ ಆಚಾರವಂತ ಅಳಿಯ ಸಿಕ್ಕಿದ ಎಂದು ಅಮ್ಮ ಹೆಮ್ಮೆಪಟ್ಟಳು. ಹನ್ನೊಂದು ವರ್ಷ ನಾನೂ ಹೆಮ್ಮೆಪಟ್ಟುಕೊಂಡು ಇವರ ಲೋಟ ಬೇರೆ ತೊಳೆದಿಟ್ಟೆ. ಇವರಿಗೆ ಆಗದೆ ಇದ್ದದ್ದು ನನ್ನ ಎಂಜಲು ಮಾತ್ರ, ಅಕ್ಕಾ.